ಮದ್ದಿಲ್ಲದ ಒಂದು ತೋಟಾ

ಅಜ್ಜಿಯ ಕಾರ್ಬೈನನ್ನು ಹೆಗಲಿಗಿಟ್ಟಾಗಲೆಲ್ಲ ಸಿಗ್ನೆಗೆ ಸೋಪಿನ ವಾಸನೆ ಬರುತ್ತಿತ್ತು. ನಿಜವಾದ ವಾಸನೆಯೋ ಬರೀ ನೆನಪೋ ಅವಳಿಗೆ ತಿಳಿಯುತ್ತಿರಲಿಲ್ಲ. ಅಜ್ಜಿ ಬೋರ್ಗಿಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಬಂದೂಕಿನ ಮರದ ಹಿಡಿಯ ಮೇಲೆ ಅವಳ ಕೆನ್ನೆ ತಾಗಿ ತಾಗಿ ಬಣ್ಣ ಹೋದ ಜಾಗ ಮಾತ್ರ ಹಾಗೇ ಉಳಿದಿತ್ತು. ಸಿಗ್ನೆಯ ಕೆನ್ನೆ ಅಲ್ಲಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು.

ಗಿಡ್ಡ ಬಂದೂಕು ಅದು. ಪಿಸ್ತೂಲಿಗೆ ಹಾಕುವ ಪುಟ್ಟ ತೋಟಾವನ್ನೇ ಇದಕ್ಕೂ ಹಾಕುವುದು, ಹಾಗಾಗಿ ಒದೆತ ಕಡಿಮೆ, ಸದ್ದೂ ಕಡಿಮೆ. ಕೆಳಗೊಂದು ಉಕ್ಕಿನ ಬಳೆ. ಅದನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಖಾಲಿ ಖೋಲು ಹಾರಿಹೋಗಿ ಹೊಸ ತೋಟಾ ಬಂದು ಕೂರುತ್ತದೆ.

"ಈ ಬೇಸಿಗೆ ಮೊದಲ್ನೇ ಗುರಿ ಪಂದ್ಯ ನಾನು ಹೊಡೀತೀನಿ. ನನ್ನ ಮಟ್ಟಿಗೆ ಅದೇ ಕೊನೇದು. ಆಮೇಲೆ ಇದು ನಿಂದು ಪುಟ್ಟಿ," ಎಂದಿದ್ದ ತಾತ ಹಾಲ್ವರ್.

ಸಿಗ್ನೆ ತಲೆಯಾಡಿಸಿದ್ದಳು, ಅಷ್ಟೇ. ಅಜ್ಜಿ ಹಾಸಿಗೆ ಹಿಡಿದ ವರ್ಷ, ಹದಿನಾರಕ್ಕೇ ಶಾಲೆ ಬಿಟ್ಟವಳು ಅವಳು. ಈಗ ವೃದ್ಧಾಶ್ರಮದ ಲಾಂಡ್ರಿಯಲ್ಲಿ ದಿನವೆಲ್ಲ ಬಿಳಿ ದುಪ್ಪಟಿ ಮಡಿಸುತ್ತಾಳೆ. ನಿನಗೇನು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಆದರೆ ಈ ಬಂದೂಕು ಬೇಕಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಆ ಉಕ್ಕಿನ ಬಳೆ ಬೆರಳುಗಳ ಸುತ್ತ ತಣ್ಣಗೆ ತೂಗುವಷ್ಟು ಬೇಕಿತ್ತು.

ಅವರ ಮನೆಯಲ್ಲಿ ತೋಟಾವನ್ನು ಅಂಗಡಿಯಿಂದ ತರುವ ಪದ್ಧತಿ ಇರಲಿಲ್ಲ. ನೆಲಮಾಳಿಗೆಯ ಬೆಂಚಿನ ಮೇಲೆ, ಐವತ್ತು ಕುಳಿಯ ಹಲಗೆಯಲ್ಲಿ ಹಿತ್ತಾಳೆ ಖೋಲುಗಳನ್ನು ಸಾಲಾಗಿ ನಿಲ್ಲಿಸುವುದು. ಅಜ್ಜಿ ಪುಟ್ಟ ಚಮಚದಿಂದ ಮದ್ದು ಸುರಿದು, ಟಾರ್ಚ್ ಹಿಡಿದು ಬಗ್ಗಿ ನೋಡಿ, "ಇದೆ" ಎಂದು ಜೋರಾಗಿ ಹೇಳುವಳು. ಹೇಳಿದ ಮೇಲೆಯೇ ತಾತ ಅದರ ಬಾಯಿಗೆ ಸೀಸದ ಗುಂಡು ಇಟ್ಟು, ಅದನ್ನು ಒತ್ತಿ ಕೂರಿಸುವ ಯಂತ್ರದ ಹಿಡಿ ಎಳೆಯುವನು. ಇದೆ, ಟಕ್. ಇದೆ, ಟಕ್. ನಲವತ್ತು ವರ್ಷ. ಚಿಕ್ಕವಳಿದ್ದಾಗ ಸಿಗ್ನೆ ಮಹಡಿಯ ಮೇಲೆ ಮಲಗಿ, ನೆಲದ ಹಲಗೆಗಳ ಮೂಲಕ ಬರುವ ಆ ಸದ್ದನ್ನು ಕೇಳುತ್ತ ನಿದ್ದೆಗೆ ಜಾರುತ್ತಿದ್ದಳು.

ಈಗ ತಾತನ ಕಣ್ಣಿಗೆ ಪೊರೆ ಬಂದಿತ್ತು. ಮದ್ದು ಸುರಿಯುವ ಕೆಲಸ ಸಿಗ್ನೆಯದಾಗಿತ್ತು.

"ಜೋರಾಗಿ ಹೇಳು ಪುಟ್ಟಿ."

"ಹೇಳ್ತಿದೀನಲ್ಲ ತಾತ."

"ಯಾರಿಗೆ, ಮದ್ದಿಗಾ?"

ಅವಳ ಗಂಟಲಿನಿಂದ ಸದ್ದೇ ಹೊರಡುತ್ತಿರಲಿಲ್ಲ. ಇದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಖೋಲನ್ನು ತಾತನ ಕಡೆ ಸರಿಸುವಳು. ಕೊನೆಗೆ ತಾತನೂ ಒತ್ತಾಯ ಮಾಡುವುದನ್ನು ಬಿಟ್ಟ.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ, ಮಂಗಳವಾರ ಸಂಜೆ, ಹೊಳೆದಂಡೆಯ ಮರಗಳು ಹತ್ತಿಯಂಥ ಬೀಜದೆಳೆ ಬಿಡುತ್ತಿದ್ದವು. ನೆಲಮಾಳಿಗೆಯ ಸಣ್ಣ ಕಿಟಕಿಯಿಂದ ಆ ಬಿಳಿ ಎಳೆಗಳು ಒಳಗೆ ತೇಲಿ ಬಂದವು. ಬಿಸಿಲಿನ ಕೋಲಿನೊಳಗೆ ಅವು ಕೆಳಗಿಳಿಯದೆ ಮೇಲಕ್ಕೇ ಹೋಗುತ್ತಿದ್ದವು, ಹಿಮ ತಿರುಗಿ ಆಕಾಶಕ್ಕೆ ಹೊರಟ ಹಾಗೆ. ಸಿಗ್ನೆ ನೋಡುತ್ತ ನಿಂತಳು. ಎಷ್ಟು ಹೊತ್ತೋ. ಎಚ್ಚರವಾದಾಗ ಅವಳ ಕೈ ಮೂರನೆಯ ಸಾಲಿನಲ್ಲಿತ್ತು, ಚಮಚ ಖಾಲಿಯಾಗಿತ್ತು. ಸುರಿದೆನೇ? ಸುರಿದಿರಬೇಕು. ಖೋಲನ್ನು ಸರಿಸಿದಳು. ಟಕ್.

ಸಾಲು ಮುಗಿಯುವಷ್ಟರಲ್ಲಿ ಅನುಮಾನ ಶುರುವಾಯಿತು, ಒಂದಕ್ಕೆ ಮದ್ದು ಬಿದ್ದಿಲ್ಲವೇನೋ. ಆದರೆ ಆ ಹತ್ತಕ್ಕೂ ಗುಂಡು ಕೂತಾಗಿತ್ತು. ತಾತ ಅವನ್ನು ಡಬ್ಬಿಯಲ್ಲಿ ಉಳಿದವುಗಳ ಜೊತೆ ಬೆರೆಸಿಯೂ ಆಗಿತ್ತು. ಮದ್ದು ಚಿಟಿಕೆಯಷ್ಟು, ಖೋಲುಗಳ ತೂಕವೇ ಒಂದಕ್ಕೊಂದು ಹೊಂದುವುದಿಲ್ಲ. ತೂಗಿ ಕಂಡುಹಿಡಿಯುವಂತಿಲ್ಲ.

"ತಾತ..."

"ಏನವ್ವ?"

ಅಷ್ಟನ್ನೂ ಬಿಚ್ಚು ಎನ್ನುತ್ತಾನೆ. ಆಮೇಲೆ, ಎಚ್ಚರವಿಲ್ಲದವಳ ಕೈಗೆ ಬಂದೂಕು ಕೊಡುವುದು ಹೇಗೆ ಎನ್ನುತ್ತಾನೆ. "ಕಾಫಿ ತರ್ಲಾ?" ಎಂದಳು ಸಿಗ್ನೆ.

ಶನಿವಾರ ಬೆಳಿಗ್ಗೆ ಊರಾಚೆಯ ಹಳೇ ಜಲ್ಲಿಗುಂಡಿಯಲ್ಲಿ ಎಲ್ಲರೂ ಸೇರಿದರು. ಹಳೇ ಕಾಲದ ಕೌಬಾಯ್ ವೇಷ ಹಾಕಿ ಗುರಿ ಹೊಡೆಯುವ ಪಂದ್ಯ ಅದು: ಅಗಲ ಟೋಪಿ, ಭುಜಪಟ್ಟಿ, ಮುತ್ತಾತಂದಿರ ಕಾಲದ ಬೂಟು. ಅಲ್ಲಿ ಎಲ್ಲರಿಗೂ ತಾವೇ ಇಟ್ಟುಕೊಂಡ ಒಂದು ಹೆಸರು. ತಾತ ಅಲ್ಲಿ ಕುಂಟ ಬಾತುಕೋಳಿ. ಸಮಯ ನೋಡುವ ಗಡಿಯಾರ ಡೆಲ್ಮರನ ಕೈಲಿತ್ತು. ಅವನೂ ತಾತನೂ ಒಂದೇ ಬೆಂಚಿನಲ್ಲಿ ಓದಿದವರು.

"ಏನೋ ಬಾತುಕೋಳಿ, ನಿಂಗೆ ಗಡಿಯಾರ ಹಿಡೀಲಾ, ಕ್ಯಾಲೆಂಡರ್ ಹಿಡೀಲಾ?"

"ಗಡಿಯಾರ ನೋಡೋಕೆ ಮೂರನೇ ಕ್ಲಾಸಲ್ಲಿ ನಿಂಗೆ ಕಲಿಸಿದ್ದೇ ನಾನು, ಮುಚ್ಕೊಂಡು ಹಿಡಿ."

ಸಿಗ್ನೆಗೆ ಕೊಟ್ಟದ್ದು ತಪ್ಪಿದ ಏಟುಗಳನ್ನು ಎಣಿಸುವ ಕೆಲಸ. ಬದಿಯಲ್ಲಿ ನಿಂತು ನೋಡುವುದು, ಗುರಿ ತಪ್ಪಿದರೆ ಬೆರಳೆತ್ತುವುದು. ಮಾತು ಬೇಕಿಲ್ಲ. ಕಿವಿಗೆ ಹಾಕುವ ಮುಚ್ಚಳ ದೊಡ್ಡ ಸದ್ದನ್ನು ನುಂಗಿ ಮಾತನ್ನು ಮಾತ್ರ ಒಳಗೆ ಬಿಡುತ್ತಿತ್ತು. ಅದನ್ನು ಹಾಕಿಕೊಂಡರೆ ಜಗತ್ತೆಲ್ಲ ನೀರಿನಡಿ ಇದ್ದ ಹಾಗೆ. ದಿಬ್ಬದ ಹುಲ್ಲು ನಿಧಾನಕ್ಕೆ ಬಾಗುತ್ತಿತ್ತು. ಇಲ್ಲಿಗೂ ಆ ಬಿಳಿ ಹತ್ತಿ ತೇಲಿ ಬಂದಿತ್ತು.

ತಾತ ಕಾರ್ಬೈನಿಗೆ ಹತ್ತು ತೋಟಾ ತುಂಬಿದ. ಗಡಿಯಾರ ಕೂಗಿತು. ಎದುರಿನ ಕಬ್ಬಿಣದ ತಟ್ಟೆಗಳು ಒಂದೊಂದಾಗಿ ಮೊಳಗಿದವು. ಒಂದು. ಎರಡು. ಬಳೆ ಕೆಳಗೆ, ಬಳೆ ಮೇಲೆ, ಖೋಲುಗಳು ಬಿಸಿಲಲ್ಲಿ ಮಿಂಚಿ ಬಿದ್ದವು. ಮೂರು, ನಾಲ್ಕು. ಪ್ರತಿ ಸದ್ದಿಗೂ ಸಿಗ್ನೆಯ ಉಸಿರು ಒಂದಿಷ್ಟು ಸಡಿಲವಾಯಿತು. ಐದು. ಆರು.

ಏಳನೆಯದರ ಸದ್ದು ದಿಂಬನ್ನು ಬೆರಳಿನಿಂದ ತಟ್ಟಿದ ಹಾಗಿತ್ತು. ತಟ್ಟೆ ಮೊಳಗಲಿಲ್ಲ.

ಅಭ್ಯಾಸದಂತೆ ಅವಳ ತೋರುಬೆರಳು ತಾನಾಗಿ ಮೇಲೆದ್ದಿತು. ತಪ್ಪಿದ ಏಟು ಒಂದು. ಡೆಲ್ಮರ್ ಗಡಿಯಾರ ನೋಡುತ್ತಿದ್ದ. ತಾತ ಏಟು ತಪ್ಪಿತೆಂದುಕೊಂಡು ಬಳೆಯನ್ನು ಕೆಳಗೆ ತಳ್ಳಿದ. ಸಿಗ್ನೆಗೆ ಆಗ ಹೊಳೆಯಿತು: ಮದ್ದಿಲ್ಲದೆ ಖೋಲಿನ ಬುಡದ ಕಿಡಿ ಮಾತ್ರ ಸಿಡಿದಿದೆ, ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಂಡಿದೆ. ಅದರ ಬೆನ್ನಿಗೆ ಇನ್ನೊಂದು ಹೋದರೆ ನಳಿಗೆ ಸೀಳುವುದು ತಾತನ ಎಡಗೈ ಇರುವಲ್ಲೇ, ಪೊರೆ ಬಂದ ಕಣ್ಣಿನ ಎದುರಿಗೇ. ಬಳೆ ಮೇಲೆ ಬಂತು.

"ಇಲ್ಲ! ತಾತಾ, ಇಲ್ಲ! ನಿಲ್ಸು!"

ಯಾರ ದನಿಯೋ ಎಂದು ಅವಳೇ ತಿರುಗಿ ನೋಡುವಳಿದ್ದಳು. ಜಲ್ಲಿಗುಂಡಿಯ ಗೋಡೆ ಅದನ್ನು ಹಾಗೇ ವಾಪಸು ಕೊಟ್ಟಿತು. ತಾತನ ಬೆರಳು ಬಂದೂಕಿನ ಕುದುರೆಯ ಮೇಲೆ ನಿಂತುಬಿಟ್ಟಿತು.

ಡೆಲ್ಮರ್ ಬಂದೂಕನ್ನು ಖಾಲಿ ಮಾಡಿಸಿ ಮೇಜಿನ ಮೇಲಿಟ್ಟು, ಹಿತ್ತಾಳೆ ಸರಳು ತೂರಿಸಿ ಮೆಲ್ಲಗೆ ಬಡಿದ. ಸೀಸದ ಗುಂಡು ಹೊರಗುರುಳಿತು.

"ಇದನ್ನ ಯಾರು ತುಂಬಿದ್ದು?"

"ನಾನೇ," ಎಂದ ತಾತ ತಕ್ಷಣ. "ಕಣ್ಣು ಕಾಣ್ಸಲ್ಲ ಮಾರಾಯ, ವಯಸ್ಸಾಯ್ತು."

"ತಾತ ಅಲ್ಲ. ನಾನು," ಎಂದಳು ಸಿಗ್ನೆ. ಹೊರಬಿದ್ದ ದನಿ ಇನ್ನೂ ಒಳಗೆ ಹೋಗಿರಲಿಲ್ಲ. "ಮಂಗಳವಾರ. ಮೂರನೇ ಸಾಲು. ನಂಗೆ ಅನುಮಾನ ಇತ್ತು. ಹೇಳ್ಲಿಲ್ಲ."

ತಾತ ಅವಳ ಮುಖ ನೋಡಿದ. ಆಮೇಲೆ ಟೋಪಿ ತೆಗೆದುಕೊಂಡು ಗಾಡಿಯ ಕಡೆ ನಡೆದ.

ದಾರಿಯಲ್ಲಿ ಗೋಧಿಹೊಲಗಳು ಬಹಳ ಹೊತ್ತು ಹಸಿರಾಗಿ ಹಿಂದೆ ಸರಿದವು.

"ನನ್ನ ಕೈ ಹೋಗ್ತಿತ್ತು ಪುಟ್ಟಿ," ಎಂದ ತಾತ.

"ಹೂಂ."

"ಯಾಕೆ ಹೇಳ್ಲಿಲ್ಲ?"

"ಬಂದೂಕು ಕೊಡಲ್ಲ ಅಂತೀಯೇನೋ ಅಂತ."

ಮನೆಗೆ ಬಂದವನೇ ತಾತ ಉಳಿದ ತೋಟಾಗಳನ್ನು ಬೆಂಚಿನ ಮೇಲೆ ಸುರಿದ. ಇಬ್ಬರೂ ಕೂತು ಒಂದೊಂದನ್ನೇ ಬಿಚ್ಚಿದರು. ಎಲ್ಲದರಲ್ಲೂ ಮದ್ದಿತ್ತು. ಬಿಚ್ಚಿದ ಖೋಲುಗಳನ್ನು ಸಿಗ್ನೆ ಮತ್ತೆ ಹಲಗೆಯ ಕುಳಿಗಳಲ್ಲಿ ನಿಲ್ಲಿಸಿದಳು. ಆಗ ತಾತ ಎದ್ದು ಮೆಟ್ಟಿಲ ಕಡೆ ಹೊರಟ.

"ಮದ್ದು ಹಾಕೋದೂ ನೀನೇ, ಹಿಡಿ ಎಳೆಯೋದೂ ನೀನೇ. ನಾನು ಮೇಲೆ ಕುರ್ಚೀಲಿ ಕೂತಿರ್ತೀನಿ. ನಂಗೆ ಕೇಳ್ಬೇಕು."

ಕಾರ್ಬೈನ್ ಬೆಂಚಿನ ತುದಿಯಲ್ಲೇ ಇತ್ತು. ಸಿಗ್ನೆ ಅದನ್ನು ಅವನ ಕಡೆ ಚಾಚಿದಳು.

"ಅದನ್ನ್ಯಾಕೆ ಕೊಡ್ತೀಯ?" ಎಂದ ತಾತ, ತಿರುಗದೆ. "ನಿನ್ನ ಬಂದೂಕು ನಾನ್ಯಾಕೆ ಹೊರ್ಲಿ? ಮೆಟ್ಟಿಲು ಬೇರೆ ಹತ್ಬೇಕು."

ಮೇಲೆ ಕುರ್ಚಿ ಕಿರುಗುಟ್ಟಿತು. ಬಿಸಿಲಿನ ಕೋಲಿನಲ್ಲಿ ಹತ್ತಿಯ ಎಳೆಗಳು ಈಗಲೂ ಏರುತ್ತಿದ್ದವು. ಸಿಗ್ನೆ ಅವುಗಳಿಗೆ ಬೆನ್ನು ಹಾಕಿ ನಿಂತಳು. ಮೊದಲ ಖೋಲಿಗೆ ಮದ್ದು ಸುರಿದು, ಟಾರ್ಚ್ ಹಿಡಿದು, ಬಗ್ಗಿ ನೋಡಿದಳು.

"ಇದೆ," ಎಂದಳು.

"ಕೇಳ್ಲಿಲ್ಲ!" ಎಂದಿತು ಮೇಲಿನಿಂದ.

"ಇದೆ!"

ನೆಲದ ಹಲಗೆಯ ಮೇಲೆ ತಾತನ ಬೂಟು ಒಮ್ಮೆ ಬಡಿಯಿತು. ಅವಳು ಹಿಡಿ ಎಳೆದಳು.