ಹನ್ನೆರಡನೇ ವಾರದ ರಕ್ತ

ಅತಿಯ್ಯಾತ್ ಅಂದೂ ಫ್ಲಾಸ್ಕಿಗೆ ಐಸ್ ತುಂಬಿಕೊಂಡೇ ಬಂದಿದ್ದಳು. ಪ್ರತಿ ಮಂಗಳವಾರ ಗಂಡ ಮೆತ್ವಲ್ಲಿಯ ಜೊತೆ ಪಟ್ಟಣದ ಆಸ್ಪತ್ರೆಗೆ ಬಂದು, ಹೆಪಟೈಟಿಸ್ ಸಿ ಇಂಜೆಕ್ಷನ್ನನ್ನು ಅದರಲ್ಲಿಟ್ಟು ಊರಿಗೆ ಒಯ್ಯುವುದು ಅವಳ ಕೆಲಸ. ಇವತ್ತು ಮಾತ್ರ ಮೊದಲು ಹನ್ನೆರಡನೇ ವಾರದ ರಕ್ತಪರೀಕ್ಷೆಯ ಫಲಿತಾಂಶ. ವೈರಸ್ ಇಳಿದಿದ್ದರೆ ಸರ್ಕಾರ ಇನ್ನೂ ಒಂಬತ್ತು ತಿಂಗಳು ಔಷಧಿ ಕೊಡುತ್ತದೆ. ಇಲ್ಲವಾದರೆ ಇಂದಿಗೇ ನಿಲ್ಲಿಸುತ್ತದೆ.

ಬೆಂಚಿನ ಮೇಲೆ ಮೆತ್ವಲ್ಲಿ ತನ್ನ ಊರಿನವನೇ ಆದ ರಗಬ್‌ನನ್ನು ಕೆಣಕುತ್ತಿದ್ದ. ಚಿಕ್ಕಂದಿನಲ್ಲಿ ಕಾಲುವೆ ನೀರಿನ ಹುಳುವಿನ ರೋಗಕ್ಕೆಂದು ಶಾಲೆಯಲ್ಲಿ ಸಾಲು ನಿಲ್ಲಿಸಿ, ಎಲ್ಲರಿಗೂ ಒಂದೇ ಸೂಜಿ ಚುಚ್ಚಿದ್ದರು.

"ಲೋ ಕುಳ್ಳ, ಅವತ್ತು ನನ್ನ ಹಿಂದೇನೇ ನಿಂತಿದ್ದೆಯಲ್ಲ, ನನ್ನ ರೋಗ ಕದ್ದವನು ನೀನೇ."

"ಕದ್ದಿದ್ದನ್ನ ವಾಪಸ್ ಕೊಟ್ಟಾಯ್ತು ಕಣಪ್ಪ. ನಂದು ಈಗ ತಾನೇ ವೈರಸ್ ಸೊನ್ನೆ ಅಂತ ಬಂತು," ಎಂದು ರಗಬ್ ನಕ್ಕ. ಮೆತ್ವಲ್ಲಿಯೂ ನಕ್ಕ. ಅತಿಯ್ಯಾತ್ ಗಂಡನ ಕೈಗಳನ್ನೇ ನೋಡುತ್ತಿದ್ದಳು. ಅವು ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು.

ಒಳಗೆ ಡಾಕ್ಟರ್ ನಗ್ಲಾ ಕಾಗದವನ್ನು ಎರಡು ಸಲ ಓದಿದರು. "ಹೆಚ್ಚೇನೂ ಇಳಿದಿಲ್ಲ ಹಾಜಿ. ಇಂಜೆಕ್ಷನ್ ಜೊತೆ ಕೊಟ್ಟ ಮಾತ್ರೆ ತಪ್ಪಿಸಿದ್ರಾ?"

"ಒಂದೂ ತಪ್ಪಿಸಿಲ್ಲ ಡಾಕ್ಟ್ರಮ್ಮ."

ಅದು ಸುಳ್ಳಲ್ಲ. ರಮದಾನ್ ತಿಂಗಳಿಡೀ ಅವನು ಬೆಳಗಿನ ಮಾತ್ರೆಗಳನ್ನೂ ಸಂಜೆಯವನ್ನೂ ಉಪವಾಸ ಬಿಡುವಾಗ ಒಟ್ಟಿಗೇ ನುಂಗಿದ್ದ. ನಸುಕಿಗೆ ಮುಂಚೆ ಎದ್ದು ತಿನ್ನುವಷ್ಟು ತ್ರಾಣ ಇಂಜೆಕ್ಷನ್ ಉಳಿಸಿರಲಿಲ್ಲ. ಎಷ್ಟೋ ಸಂಜೆ ನುಂಗಿದ್ದೆಲ್ಲ ವಾಂತಿಯಾಗಿ ಹೋಗಿತ್ತು. ಆಸ್ಪತ್ರೆಯಲ್ಲಿ ಕೇಳೋಣ ಎಂದು ಅವಳು ಅಂದಾಗ, "ಕೇಳಿದ್ರೆ ಉಪವಾಸ ಬಿಡು ಅಂತಾರೆ. ನಿನ್ನ ದಮ್ಮಯ್ಯ, ಸುಮ್ನಿರು" ಎಂದಿದ್ದ. ಅವಳು ಸುಮ್ಮನಿದ್ದಳು.

ಈಗ ಎಲ್ಲವನ್ನೂ ಹೇಳಿಬಿಟ್ಟಳು.

"ಸರಿಯಾಗಿ ತಗೊಂಡಿದ್ರೆ ಇಳೀತಿತ್ತಾ ಡಾಕ್ಟ್ರಮ್ಮ?"

"ಹೇಳಕ್ಕಾಗಲ್ಲ ತಾಯಿ. ಚಾಚೂ ತಪ್ಪದೆ ತಗೊಂಡೋರಲ್ಲೂ ಎಷ್ಟೋ ಜನಕ್ಕೆ ಇಳಿಯಲ್ಲ."

"ಇನ್ನೊಂದು ತಿಂಗಳು ಕೊಟ್ಟು ನೋಡಿ. ನಾನೇ ಎದುರಿಗೆ ಕೂತು ನುಂಗಿಸ್ತೀನಿ."

"ನನ್ನ ಕೈಲಿಲ್ಲ." ಡಾಕ್ಟರ್ ಕಡತದ ಮೇಲೆ ಮುದ್ರೆ ಒತ್ತಿದರು. ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಅತಿಯ್ಯಾತ್‌ಗೆ.

ಹೊರಗೆ ರಗಬ್ ಇವರ ಮುಖ ನೋಡಿ ಸರಿದು ಜಾಗ ಬಿಟ್ಟ. ಇಂಜೆಕ್ಷನ್ ತಗೊಳ್ಳಲು ಅವನ ಹೆಸರು ಕೂಗಿದರು. ಎದ್ದು ಹೋಗುವಾಗ ಚಪ್ಪಲಿ ಸದ್ದಾಗದಂತೆ ನಡೆದ.

ಊರಿನ ವ್ಯಾನು ಕಾಲುವೆ ದಾಟಿತು. ಮೆತ್ವಲ್ಲಿ ಎಂದಿನಂತೆ ಮಗಳ ಹೆಸರು ಹಿಡಿದು ಹೆಂಡತಿಯನ್ನು ಕರೆದು, "ಶೈಮಾಳ ಅಮ್ಮ, ಆ ಐಸ್ ಚೆಲ್ಲಬಾರದೇನೆ? ಸುಮ್ನೆ ಯಾಕೆ ಹೊರ್ತೀಯ?" ಎಂದ.

"ಕರಗುತ್ತೆ ಬಿಡಿ."

ವ್ಯಾನು ಕುಲುಕಿದಾಗಲೆಲ್ಲ ಫ್ಲಾಸ್ಕಿನೊಳಗೆ ಐಸ್ ತುಂಡುಗಳು ಗೋಡೆಗೆ ಬಡಿಯುತ್ತಿದ್ದವು. ಅವಳು ಅದನ್ನು ಅಲುಗದಂತೆ ಮಡಿಲಲ್ಲಿ ಹಿಡಿದು ಕೂತಳು, ಒಳಗೆ ಇಂಜೆಕ್ಷನ್ ಇರುವಾಗ ಹಿಡಿಯುತ್ತಿದ್ದಂತೆಯೇ.