ಉಳಿದ ಒಂದು ಪದ

ಬಲಗೈ ಮೇಲೆ ಒಂದು ಎಳ್ಳು ಕೂತಿದೆ, ಬಿಳಿ ಎಳ್ಳು, ಹೆಬ್ಬೆರಳ ಬುಡದಲ್ಲಿ, ಕಾಣುತ್ತದೆ ಆದರೆ ತಾಕುತ್ತಿಲ್ಲ, ಕೈ ತನ್ನದೇ ಹೌದು, ಬಳೆಗಳೂ ತನ್ನವೇ, ಆದರೂ ಯಾರೋ ತೊಡೆಯ ಮೇಲೆ ಮರೆತು ಹೋದ ಗಂಟಿನ ಹಾಗೆ ಬಿದ್ದಿದೆ — ಒಳಗೆ ಸುರಭಿ ಎಳ್ಳು ಹುರಿಯುತ್ತಿದ್ದಾಳೆ, ಉರಿ ಹೆಚ್ಚಾಯಿತು, ಚಟಚಟ ಸಪ್ಪಳದಲ್ಲೇ ತಿಳಿಯುತ್ತದೆ, ಸಣ್ಣ ಮಾಡ ತಂಗೀ, ಕರ್ರಗಾದ್ರ ಕಹಿ ಆಗ್ತದ, ಎಂದು ರಾಧಾಬಾಯಿ ಕೂಗಬೇಕು, ಮಾತು ಪೂರ್ತಿ ಸಾಲಾಗಿ ಬಂದು ನಾಲಿಗೆಯ ಹಿಂದೆ ನಿಂತಿದೆ, ಸುಗ್ಗಿಯಲ್ಲಿ ಕಣದ ಬಾಯಿಗೆ ಬಂದು ನಿಂತ ಬಂಡಿಗಳ ಹಾಗೆ, ಬಾಯಿ ತೆರೆದಳು, ನೈಸ್. ಹೊರಗೆ ಬಿದ್ದದ್ದು ಅದೊಂದೇ. ಒಳಗಿನಿಂದ ಸೊಸೆ, ಹೌದ್ರಿ ಅತ್ತಿ, ನೈಸ್ ವಾಸನಿ ಬರ್ಲಿಕ್ಕತ್ತದ ಅಲ್ರಿ? ಎಳ್ಳು ಸೀದು ಹೋಯಿತು.

ದೀಪಾವಳಿಗೆ ಒಂದು ವಾರ ಇತ್ತು, ಬಚ್ಚಲ ಹೊಸ್ತಿಲಲ್ಲಿ ಬಿದ್ದದ್ದು, ತಂಬಿಗೆ ಉರುಳಿದ ಸಪ್ಪಳ ಇನ್ನೂ ಕಿವಿಯಲ್ಲಿದೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು, ತವರೂರು ಅಮ್ಮಿನಭಾವಿಯಲ್ಲಿ ಅವ್ವನ ಸೊಂಟದ ಮೇಲೆ ಕೂತು ಕಲಿತ ಕನ್ನಡ ಹೋಯಿತು, ಮದುವೆಯಾಗಿ ಬಂದ ಪುಣೆಯಲ್ಲಿ ತರಕಾರಿಯವಳ ಜೊತೆ ಜಗಳಾಡಿ ಕಲಿತ ಮರಾಠಿ ಹೋಯಿತು, ಎಲ್ಲ ಹೋಗಿ ಈ ಇಂಗ್ಲಿಷ್ ಪದ ಒಂದು ಉಳಿಯಿತು, ನೀರು ಬೇಕೆಂದರೂ ನೈಸ್, ಬೆನ್ನು ಉರಿಯುತ್ತದೆ ಎಂದರೂ ನೈಸ್, ಮಗ ಶ್ಯಾಮ ಕಾಲು ಹಿಡಿದು ಅತ್ತಾಗ ಅಳಬೇಡಪ್ಪಾ ಎನ್ನಲು ಹೋದದ್ದೂ ನೈಸ್ — ಹೊಲದಲ್ಲಿ ಕಳೆ ತೆಗೆಯಲು ಎಡೆ ಹೊಡೆಯುವಾಗ ಅಪ್ಪ ಎತ್ತಿನ ಬಾಯಿಗೆ ಹಗ್ಗದ ಜಾಳಿಗೆ ಕಟ್ಟುತ್ತಿದ್ದ, ಹಸಿರು ಪೈರಿನ ನಡುವೆಯೇ ನಡೆಯಬೇಕು, ಮೂತಿಗೆ ಸವರುತ್ತದೆ, ಒಂದು ಎಲೆ ಸಿಕ್ಕುವಂತಿಲ್ಲ, ಸಂಜೆ ಬಿಚ್ಚಿದಾಗ ಎತ್ತು ಎಷ್ಟೋ ಹೊತ್ತು ಬಾಯಿಯನ್ನು ಸುಮ್ಮನೆ ಆಡಿಸುತ್ತಿತ್ತು. ಅಪ್ಪ ಬಿಚ್ಚುತ್ತಿದ್ದ. ಇದನ್ನು ಬಿಚ್ಚುವವರಾರು. ಆಸ್ಪತ್ರೆಯಿಂದ ಬರುತ್ತಿದ್ದ ಶಿವಾನಿ ಎಂಬ ಹುಡುಗಿ, ಮಾತು ಕಲಿಸುವವಳು, ಗಲ್ಲ ಹಿಡಿದು ಮರಾಠಿಯಲ್ಲಿ ನಿಧಾನವಾಗಿ ಹೇಳಿದ್ದಳು, ಕಾಕೂ, ಹಾಡು, ಶ್ಲೋಕ, ಒಡಪು ತಲೆಯ ಬೇರೆ ಮೂಲೆಯಲ್ಲಿರುತ್ತವೆ, ಅವೇ ಮೊದಲು ಬಂದಾವು, ಆಮೇಲೆ ಗಂಡನ ಕಡೆ ತಿರುಗಿ, ಅರ್ಥ ತಿಳಿಯದಿದ್ದರೂ ಅವು ಬರುವುದುಂಟು ಕಾಕಾ, ಆದರೆ ಇವರಿಗೆ ಅರ್ಥವಾಗುತ್ತದೆ, ಕಣ್ಣು ನೋಡಿ. ಮಧ್ವೇಶರಾಯರು ಕಣ್ಣು ನೋಡಲಿಲ್ಲ, ನಶ್ಯದ ಡಬ್ಬಿ ನೋಡಿದರು.

ಆ ಕಿರುಬೆರಳಿನ ಉಗುರು. ಉದ್ದ ಬಿಟ್ಟ ಉಗುರು, ನಶ್ಯ ತೆಗೆದೂ ತೆಗೆದೂ ಕಂದಾದದ್ದು, ಗುಮಾಸ್ತಿಕೆಯ ಮೂವತ್ತು ವರ್ಷ ಸಾಹೇಬರ ಪತ್ರಗಳ ತಪ್ಪಿನ ಕೆಳಗೆ ಓಡಾಡಿದ್ದು, ಮನೆಗೆ ಬಂದರೆ ನಿಘಂಟಿನ ಮೇಲೆ, ಹಲಗೆಯಂಥ ನಿಘಂಟು, ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದರು, ಪ್ರತಿ ಪದಕ್ಕೂ ಊರು ಯಾವುದು, ಅಪ್ಪ ಯಾರು, ನೋಡುವುದು, ಉಪ್ಪಿಟ್ಟು ಆರುತ್ತಿದ್ದರೂ ನೋಡುವುದು — ತೊಂಬತ್ತನಾಲ್ಕರ ಸಂಕ್ರಮಣ, ಇದೇ ಪಡಸಾಲೆ, ಇಪ್ಪತ್ತು ಹೆಂಗಸರು, ಪಕ್ಕದ ಮನೆಯ ಶೀತಲ್ ಆಗ ಕಾಲೇಜಿನ ಹುಡುಗಿ, ಅದಕ್ಕೂ ಮುಂಚೆ ಒಂದು ದಿನ ರಾಧಾಬಾಯಿಯ ಇಳಕಲ್ ಸೀರೆಯ ಸೆರಗು ಮುಟ್ಟಿ ನೈಸ್, ಕಾಕೂ, ಎಂದು ಆ ಪದ ಕಲಿಸಿದವಳು, ಅದು ಸಿಕ್ಕಿದ್ದೇ ಸಿಕ್ಕಿದ್ದು, ಚಟ್ನಿಪುಡಿ ನೈಸ್, ತೊಟ್ಟಿಲು ನೈಸ್, ಚತುಃಶೃಂಗಿ ಗುಡ್ಡದ ಗಾಳಿ ನೈಸ್, ಹೊಸ ಬಳೆಯ ಹಾಗೆ ಆಡಿಸಿ ಸಪ್ಪಳ ಮಾಡಿದ್ದೇ ಮಾಡಿದ್ದು, ಆ ಸಂಕ್ರಮಣದಂದು ಹೆಸರು ಹೇಳ್ರಿ ರಾಧಾಬಾಯಿ ಎಂದು ಹೆಂಗಸರು ಹಿಡಿದಾಗ, ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದುಂಟೇ, ಪ್ರಾಸದ ಒಡಪಿನಲ್ಲಿಟ್ಟೇ ಹೇಳಬೇಕು, ಹಳೆಯದು ಬೇಡ, ಒಲೆಯ ಮುಂದೆ ಮೂರು ದಿನ ಕಟ್ಟಿದ ಹೊಸದು, ಬೆಳ್ಳಿ ಬಟ್ಟಲದಾಗ ಎಳ್ಳುಬೆಲ್ಲ ಭಾಳ ನೈಸ, ಮಧ್ವೇಶರಾಯರ ಸಂಸಾರದಾಗ ಆದವು ಇಪ್ಪತ್ತು ವರ್ಸ. ಪಡಸಾಲೆ ಹಾರಿಹೋಗುವಂತೆ ನಕ್ಕರು, ಖುಷಿಯ ನಗು, ಶೀತಲ್ ಎದ್ದು ಅಪ್ಪಿಕೊಂಡಳು. ಅವರು ಕೋಣೆಯಿಂದ ಬಂದರು, ನಿಘಂಟು ಹಿಡಿದು. ಏ ರಾಧಾ, ಬಾ ಇಲ್ಲೆ. ಈ ಶಬ್ದದ ಮೂಲ ಗೊತ್ತದೇನ ನಿನಗ? ಲ್ಯಾಟಿನ್‌ದಾಗ ಏನೂ ಅರೀದವ ಅಂತ. ಫ್ರೆಂಚರ ಬಾಯಾಗ ದಡ್ಡ ಆತು. ಇಂಗ್ಲಿಷಿಗೆ ಬಂದಾಗೂ ಪೆದ್ದ ಅಂತನ ಇತ್ತು, ಆಮ್ಯಾಲೆ ನಾಜೂಕ, ಆಮ್ಯಾಲೆ ಸೂಕ್ಷ್ಮ, ಛಂದ ಅನ್ನೂದು ಮೊನ್ನೆ ಮೊನ್ನೆ. ಬಾ, ನೋಡು. ಉಗುರು ಅಕ್ಷರದ ಕೆಳಗೆ ಹೋಗಿ ನಿಂತಿತು. ಕುಂಕುಮದ ಬಟ್ಟಲು ಹಿಡಿದೇ ಬಗ್ಗಿ ನೋಡಿದಳು, ತನಗೆ ಓದಲು ಬರುವುದಿಲ್ಲವೆಂದು ಅವರಿಗೆ ಗೊತ್ತು, ಆದರೂ ಉಗುರು ಕದಲಲಿಲ್ಲ. ಓದು. ಎಲ್ಲರೂ ಕಾಯುತ್ತಿದ್ದರು. ಓದಾಕ ಬರೂದಿಲ್ಲೇನು? ಹಂಗಾದ್ರ ನೀ ಶುದ್ಧ ಮೂಲಾರ್ಥದಾಗ ನೈಸ್ ಇದ್ದೀ ನೋಡು, ಲ್ಯಾಟಿನ್ ನೈಸ್. ಈಗ ನಕ್ಕದ್ದು ಬೇರೆ ನಗು, ಅರ್ಧ ಮಂದಿ, ಸೆರಗು ಬಾಯಿಗೆ ಹಿಡಿದು. ಅಂದಿನಿಂದ ಹನ್ನೆರಡು ವರ್ಷ ಅವಳು ಒಡಪು ಹೇಳಲಿಲ್ಲ, ಯಾರ ಬಾಗಿಲಲ್ಲೂ, ಯಾರು ಕಾಲಿಗೆ ಬಿದ್ದರೂ, ಆ ಹೆಸರು ಈ ಬಾಯಿಂದ ಬರಲಿಲ್ಲ. ಆದರೆ ಪದದ ಮೇಲೆ ಸಿಟ್ಟು ಬರಲಿಲ್ಲ, ಪಾಪ, ಅದೂ ಎಷ್ಟು ಮನೆ ತಿರುಗಿದ್ದೀತು, ಪೆದ್ದಿ ಎಂದು ಹೊರಟದ್ದು, ದಾರಿಯಲ್ಲಿ ಎಷ್ಟು ಜನರ ಬಾಯಿ ಕಂಡಿತೋ, ಕಡೆಗೆ ಛಂದ ಎನ್ನಿಸಿಕೊಂಡಿತಲ್ಲ, ತನ್ನದು ಮಾತ್ರ ತಿರುಗುಮುರುಗು, ಊರಲ್ಲಿ ಜಾಣೆ ಎನ್ನಿಸಿಕೊಂಡವಳು ಇಷ್ಟು ದೂರ ಬಂದು —

ತಳೇಗಾಂವದಾಗ ಛಲೋ ಜಾಗಾ ಅದ, ಇಂಥವರನ್ನ ನೋಡ್ಕೋತಾರ, ಎಂದರು ರಾಯರು ಹೋದ ವಾರ, ಅವಳ ಮುಂದೆಯೇ, ಕಪಾಟಿನ ಮುಂದೆ ಮಾತಾಡಿದ ಹಾಗೆ. ಸುರಭಿ, ಬ್ಯಾಡ್ರಿ ಮಾವನವರ, ಅತ್ತಿಗೆ ಎಲ್ಲಾ ತಿಳೀತದ್ರಿ. ತಿಳೀತದ? ಕೇಳು, ಮೂಲಾರ್ಥ ಹೇಳ್ತಾಳ. ಕೇಳಿದರು, ನಾನ್ಯಾರು? ನೈಸ್. ನಕ್ಕರು. ಆಯ್ತು, ಸಂಕ್ರಮಣಕ್ಕ ಎಲ್ಲಾರ ಮುಂದ ನನ್ನ ಹೆಸರು ಹೇಳ್ಲಿ, ಹೇಳಿದ್ರ ಇಲ್ಲೇ ಇರ್ಲಿ. ಅಂದಿನಿಂದ ಹುಡುಕಿದಳು, ತಲೆಯ ಆ ಬೇರೆ ಮೂಲೆ ಎಲ್ಲಿದೆ ಎಂದು, ನೆಲದೊಳಗಿನ ಹಗೇವಿನಲ್ಲಿ ಇಳಿದು ಕತ್ತಲಲ್ಲಿ ಜೋಳ ತಡವಿದ ಹಾಗೆ, ಹೊಸ ಒಡಪು ಸಿಗಲಿಲ್ಲ, ಕೆಳಗೆ, ತಳದಲ್ಲಿ, ಹದಿನಾರರ ವಯಸ್ಸಿನಲ್ಲಿ ಮದುವೆ ಹಂದರದಲ್ಲಿ ಹೇಳಿದ್ದು ಸಿಕ್ಕಿತು, ಇವತ್ತು ಬೆಳಿಗ್ಗೆ ಸುರಭಿ ನೀರು ಹಾಕಿ ಟವೆಲ್ಲಿಗೆಂದು ಹೋದಾಗ ಹಬೆಯಲ್ಲಿ ಎಡಗೈಯಿಂದ ತೊಡೆ ತಟ್ಟಿಕೊಂಡು ರಾಗ ಎಳೆದಳು, ಬಂತು, ಎಡವದೆ ಪೂರ್ತಿ ಬಂತು, ಆ ಹೆಸರೂ ಬಂತು, ಬಾಯಿ ಕಹಿಯಾಯಿತು. ಹನ್ನೆರಡು ವರ್ಷ ಹಲ್ಲುಕಚ್ಚಿ ಇಟ್ಟುಕೊಂಡದ್ದು ಅದೊಂದೇ ಆಸ್ತಿ. ಕೊಟ್ಟುಬಿಡಬೇಕು. ಕೊಟ್ಟರೆ ದಿನವೂ ಕೂರುವ ಈ ಕಿಟಕಿ ಉಳಿಯುತ್ತದೆ, ಸುರಭಿಯ ಕೈಯ ಅನ್ನ ಉಳಿಯುತ್ತದೆ, ಹೆಸರೇ ತಾನೇ, ತೊಗೊಳ್ಳಲಿ.

ಸಂಜೆ ಹೆಂಗಸರು ಬಂದರು, ಮಲ್ಲಿಗೆ, ಅರಿಶಿನ, ರೇಷ್ಮೆಯ ಸರಸರ, ಶೀತಲ್ ಬಂದಿದ್ದಾಳೆ, ಈಗ ಎರಡು ಮಕ್ಕಳ ತಾಯಿ, ಕಾಕೂ, ನಾವ್ ಘ್ಯಾ ನಾ, ಹೆಸರು ತೊಗೊಳ್ಳಿ ಎನ್ನುತ್ತಾಳೆ, ಕಣ್ಣು ತುಂಬಿವೆ. ರಾಯರು ಅವಳ ಕುರ್ಚಿಯ ಮುಂದೆ ಬಗ್ಗಿದರು, ನಶ್ಯದ ವಾಸನೆ. ಹೂಂ, ರಾಧಾ. ಎಡಗೈ ತೊಡೆ ತಟ್ಟಿತು, ಒಂದು, ಎರಡು, ಕಣದಾಗಿನ ಬಿಳಿಜ್ವಾಳ ಮುತ್ತಿನ ರಾಶಿ — ಯಾರೋ ಅಯ್ಯ ಎಂದರು — ಮಧ್ವೇಶರಾಯರು ಇದ್ದಲ್ಲೇ ನನಗ ಕಾಶಿ. ಬಂತು, ಕೊಟ್ಟಳು, ಎಲ್ಲರೂ ಚಪ್ಪಾಳೆ, ಸುರಭಿ ಬಂದು ಕುತ್ತಿಗೆಗೆ ಬಿದ್ದು ಅಳುತ್ತಿದ್ದಾಳೆ, ಹೇಳಿದ್ರೀ ಅತ್ತೀ, ಹೇಳಿದ್ರೀ, ಅವರೂ ನಗುತ್ತಿದ್ದಾರೆ, ತಲೆ ಆಡಿಸುತ್ತಿದ್ದಾರೆ, ಶಾಭಾಸ್. ಆದ್ರ ಸುರಭೀ, ಆ ಆಸ್ಪತ್ರಿ ಹುಡುಗಿ ಏನಂದಿದ್ಲು? ಹಾಡು, ಒಡಪು ಅರ್ಥ ತಿಳೀದಿದ್ರೂ ಬರ್ತಾವ ಅಂತ. ಗಿಳಿನೂ ಹೇಳ್ತದಲ್ಲ. ಮಾವನವರ, ಮಾತು ಕೊಟ್ಟಿದ್ರಿ. ಕೊಟ್ಟಿದ್ದೆ, ತಿಳಿದು ಹೇಳಿದ್ರ ಅಂತ. ತಡಿ, ಇಕೀನ್ನ ಕೇಳೋಣು. ರಾಧಾ, ನಾಳೆ ಮುಂಜಾನೆ ಎಂಟಕ್ಕ ಗಾಡಿ ಬರ್ತದ, ತಳೇಗಾಂವಕ್ಕ. ಹೆಂಗ ಅನಸ್ತದ, ಹೇಳು. ಮಾತು ಬಂತು, ಎಲ್ಲ ಬಂಡಿಗಳೂ ಒಟ್ಟಿಗೆ, ಒಲ್ಲೆ, ಹೋಗೂದಿಲ್ಲ, ಗಾಡಿ ಗೊತ್ತುಮಾಡಿ ಇಟ್ಟೇ ಹೆಸರು ಕೇಳಿದ್ರೇನು, ಎಲ್ಲಾ ತಿಳೀತದ ನನಗ, ಅವತ್ತೂ ತಿಳಿದಿತ್ತು, ಎಡಗೈ ತೊಡೆ ತಟ್ಟಿತು, ರಾಗಕ್ಕೆ ಹುಡುಕಿತು, ಇದಕ್ಕೆ ರಾಗವಿಲ್ಲ, ಇದನ್ನು ಯಾವ ಹಂದರದಲ್ಲೂ ಕಲಿಸಲಿಲ್ಲ, ಬಾಯಿ ತೆರೆಯಬಾರದು, ಬೇಡ, ಮುಚ್ಚು, ಸುರಭಿ ನೋಡುತ್ತಿದ್ದಾಳೆ, ಶೀತಲ್ ನೋಡುತ್ತಿದ್ದಾಳೆ, ತುಟಿ ತಾನಾಗಿ ಬಿಚ್ಚಿತು, ನೈಸ್.

ಕೇಳಿದ್ರ್ಯಾ? ಎಂದರು ಅವರು ಎಲ್ಲರಿಗೂ, ಮೆತ್ತಗೆ, ಮಧ್ಯಾಹ್ನದಿಂದ ಅಲ್ಲೇ ಕೂತಿದ್ದ ಎಳ್ಳನ್ನು ಅವಳ ಬಲಗೈ ಮೇಲಿಂದ ತೆಗೆಯಲು ಬಗ್ಗಿದರು, ಉಗುರು ಬಂತು, ಕಂದು ಉಗುರು, ಎಳ್ಳಿನ ಕೆಳಗೆ ಹೋಗಿ ನಿಂತಿತು, ಅವತ್ತು ಅಕ್ಷರದ ಕೆಳಗೆ ನಿಂತ ಹಾಗೆ, ಓದು, ಕಾಣುತ್ತದೆ, ತಾಕುತ್ತಿಲ್ಲ, ಉಗುರು ಕದಲುತ್ತಿಲ್ಲ, ಉಗುರು, ಅದರ ಮೇಲೆ ಒಂದೇ ಒಂದು ಎಳ್ಳು, ಉಗುರು