ಹೆಕ್ಕತ್ತು ಮುಚ್ಚುವ ಮುಡಿಗಳು

ಕೇಶಾಲಂಕಾರದ ಇತಿಹಾಸ ಹುಡುಕಿಕೊಂಡು ಅಕ್ಕತಂಗಿಯರು ಬೆಳಗಿನಿಂದ ಗ್ರಂಥಾಲಯವನ್ನೆಲ್ಲ ಜಾಲಾಡಿದ್ದರು. ಪುಸ್ತಕಗಳು ಸಿಕ್ಕಿದ್ದು ಕೊನೆಗೆ ಹೊಲಿಗೆ ಪುಸ್ತಕಗಳ ಕಪಾಟಿನಲ್ಲಿ.

"ತಲೆಯೊಳಗಿಂದು ಕೇಳ್ಕೊಂಡು ಬರೋರು ಬೇಕಾದಷ್ಟು ಜನ. ತಲೆ ಮೇಲಿಂದು ಕೇಳಿದ್ದು ನೀವೇ ಮೊದಲು," ಎಂದು ಗ್ರಂಥಪಾಲಕ ದೂಳು ಕೊಡವಿ ಮೂರನ್ನು ಕೊಟ್ಟಿದ್ದ.

ಅಕ್ಕ ನಾಟಕ ಮಂಡಳಿಗೆ ವಿಗ್ ಕಟ್ಟುವವಳು. ಹಳೆಯ ಕಾಲದ ಮುಡಿಯನ್ನು ಚಿತ್ರ ನೋಡಿ ಮೊದಲು ತಂಗಿಯ ತಲೆಯ ಮೇಲೆ ಕಟ್ಟಿ, ಬೈತಲೆ ಎಲ್ಲಿ, ಗಂಟು ಎಲ್ಲಿ ಎಂದು ಅಳತೆ ಹಿಡಿದ ಮೇಲೆಯೇ ವಿಗ್ಗಿಗೆ ಕೈ ಹಚ್ಚುವುದು ಅವಳ ಪದ್ಧತಿ. ಮದುವೆಯಾದ ಮೇಲೂ ತಂಗಿ ಅದಕ್ಕೆಂದೇ ಬಂದು ಹೋಗುತ್ತಿದ್ದಳು.

ಮಂಡಳಿಯ ಬಣ್ಣದ ಕೋಣೆಯಲ್ಲಿ ಪುಟ ಮಗುಚುತ್ತ ತಂಗಿ ಬೆರಳಿಟ್ಟು ತೋರಿಸಿದ್ದೆಲ್ಲ ಹೆಕ್ಕತ್ತಿನ ಮೇಲೆ ಇಳಿಬಿದ್ದ ಮುಡಿಗಳು. ನಾಟಕಕ್ಕೆ ಬೇಕಿದ್ದುದು ಎತ್ತಿ ಕಟ್ಟಿದ್ದು.

"ಇದೇ ಚೆನ್ನಾಗಿದೆ ಅಕ್ಕಾ."

"ನಿನಗೇನು ಇನ್ನೊಂದು ಮದುವೆ ಮಾಡ್ತಿಲ್ಲ ಮಾರಾಯ್ತಿ, ಸುಮ್ನೆ ಕೂತ್ಕೋ."

ಬಾಚಣಿಗೆಯ ತುದಿಯಲ್ಲಿ ಕಿವಿಯಿಂದ ಕಿವಿಗೆ ಗೆರೆ ಎಳೆದು ಅಕ್ಕ ಕೂದಲೆತ್ತಿದಳು. ಅಂಗೈಯಗಲ ಬೋಳು. ಸುತ್ತ ಒಣಗಿದ ನೆತ್ತರಿನ ಚುಕ್ಕಿಗಳು.

"ಆ ಮನೆ ನೀರು ಒಗ್ಗಲ್ಲ. ಉದುರ್ತಿದೆ."

ಉದುರಿದ ಕೂದಲು ಯಾವುದು, ಕಿತ್ತದ್ದು ಯಾವುದು ಎಂದು ಇಪ್ಪತ್ತು ವರ್ಷ ಕೂದಲಲ್ಲೇ ಕೈಯಾಡಿಸಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಎಷ್ಟು ದಿನದಿಂದ?"

ತಂಗಿ ಕನ್ನಡಿಯಲ್ಲಿ ಕಾಣುವ ಬಾಗಿಲನ್ನೇ ನೋಡುತ್ತಿದ್ದಳು. "ಐದಕ್ಕೆ ಕರ್ಕೊಂಡು ಹೋಗೋಕೆ ಬರ್ತಾರೆ. ಅವರ ಮುಂದೆ ಏನೂ ಅನ್ಬೇಡ. ಮನೆಗೆ ಹೋದ್ಮೇಲೆ ಅನುಭವಿಸೋಳು ನಾನು."

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

"ಏನ್ ಅಕ್ಕಾ, ನನ್ನ ಹೆಂಡ್ತೀನ ಬೊಂಬೆ ಮಾಡ್ಬಿಟ್ರಾ?" ತಂಗಿಯ ಗಂಡ ನಗುತ್ತಲೇ ಕುರ್ಚಿಯ ಹಿಂದೆ ಬಂದು ನಿಂತ. ಇಳಿಬಿದ್ದ ಕೂದಲನ್ನು ಒಂದು ಸುತ್ತು, ಎರಡು ಸುತ್ತು ಕೈಗೆ ಸುತ್ತಿಕೊಂಡ, ದಿನದ ಕೆಲಸವೆಂಬಂತೆ. ತಂಗಿಯ ಗದ್ದ ತಾನಾಗಿ ಮೇಲೆದ್ದಿತು.

"ಇವಳು ಬರಲ್ಲ," ಎಂದಳು ಅಕ್ಕ.

"ಕೆಲಸ ಮುಗಿದಿಲ್ವಾ?"

ಹೌದೆಂದುಬಿಟ್ಟರೆ ಇವತ್ತಿಗೆ ಬಚಾವು. ಆದರೆ ನಾಳೆ ಕಳಿಸಲೇಬೇಕಾಗುತ್ತಿತ್ತು.

"ಕೆಲಸದ ಮಾತಲ್ಲ. ಎಲ್ಲಾ ನೋಡಿದೀನಿ. ಕೈ ತೆಗಿ."

ಅವನ ನಗು ಹಾಗೇ ಇತ್ತು. ಕೈಯ ಸುತ್ತು ಸಡಿಲಾಗಲಿಲ್ಲ. ಕನ್ನಡಿಯೊಳಗಿನ ಹೆಂಡತಿಯನ್ನೇ ಮೆಲ್ಲಗೆ ಕೇಳಿದ, "ನೀನೇ ಹೇಳು. ಬರ್ತೀಯೋ, ಇಲ್ವೋ?"

ತಂಗಿ ಎರಡೂ ಕೈಗಳಿಂದ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಕ್ಕಾ," ಎಂದಳು, "ಕತ್ತರಿ ತಗೋ."